ಅಂಡಮಾನ್‌ಗೆ ಯಾವ ರಜೆಯಲ್ಲಿ ಹೋಗಬೇಕು? ದಸರೆಯೋ, ಕ್ರಿಸ್‌ಮಸ್ಸೋ, ಬೇಸಿಗೆಯೋ?

ಪ್ರಶ್ನೆ: ನಾವು ದಾವಣಗೆರೆಯವರು. ಅಂಡಮಾನ್ ನೋಡಬೇಕು ಅನ್ನುವುದು ಬಹಳ ವರ್ಷದ ಆಸೆ. ನಾವಿಬ್ಬರು, ಹದಿಮೂರು ವರ್ಷದ ಮಗಳು, ಎಂಟು ವರ್ಷದ ಮಗ, ಜೊತೆಗೆ ನಮ್ಮ ಅತ್ತೆ. ಮಕ್ಕಳಿಗೆ ರಜೆ ಸಿಗುವುದು ದಸರೆಗೆ, ಕ್ರಿಸ್‌ಮಸ್ ವಾರಕ್ಕೆ, ಆಮೇಲೆ ಏಪ್ರಿಲ್-ಮೇನಲ್ಲಿ. ಟ್ರಾವೆಲ್ಸ್‌ನವರು ‘ವರ್ಷವಿಡೀ ಚೆನ್ನಾಗಿರುತ್ತೆ’ ಅನ್ನುತ್ತಾರೆ. ನೆಟ್‌ನಲ್ಲಿ ‘ಅಕ್ಟೋಬರ್‌ನಿಂದ ಮೇ’ ಅಂತ ಇದೆ. ಬೇಸಿಗೆಯಲ್ಲಿ ಹೋದರೆ ಬೆಂದು ಹೋಗ್ತೀರಿ ಅಂತ ನೆಂಟರು ಹೆದರಿಸಿದ್ದಾರೆ. ಮಗಳಿಗೆ ನೀರೊಳಗಿನ ಹವಳ ನೋಡಬೇಕು. ಅತ್ತೆಗೆ ಬಸ್ಸಿನಲ್ಲಿ ಕೂತರೂ ವಾಂತಿ. ಯಾವಾಗ ಹೋಗೋಣ?

ಉತ್ತರ: ಏಪ್ರಿಲ್‌ನಲ್ಲಿ ಹೋಗಿ. ಶಾಲೆಗೆ ರಜೆ ಬಿಟ್ಟ ಕೂಡಲೇ ಹೊರಡಿ, ತಿಂಗಳು ಮುಗಿಯುವುದರೊಳಗೆ ವಾಪಸ್ ಬನ್ನಿ. ನಿಮ್ಮ ಮೂರು ರಜೆಗಳಲ್ಲಿ ಸಮುದ್ರ ಶಾಂತವಾಗಿರುವುದು ಆಗ ಮಾತ್ರ. ಮಗಳ ಹವಳಕ್ಕೂ ಅತ್ತೆಯವರ ಹೊಟ್ಟೆಗೂ ಬೇಕಾದದ್ದು ಅದೇ.

ಎಲ್ಲರೂ ಬಿಸಿಲು, ಮಳೆ ಅಂತ ಲೆಕ್ಕ ಹಾಕುತ್ತಾರೆ. ದ್ವೀಪಕ್ಕೆ ಹೋಗುವವರು ಮೊದಲು ನೋಡಬೇಕಾದದ್ದು ಗಾಳಿಯನ್ನು. ಅಂಡಮಾನ್‌ನಲ್ಲಿ ವರ್ಷವಿಡೀ ಸೆಕೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ರಾತ್ರಿ 23-24 ಡಿಗ್ರಿ, ಹಗಲು 30-32 ಡಿಗ್ರಿ. ಜನವರಿಗೂ ಏಪ್ರಿಲ್‌ಗೂ ಎರಡು ಮೂರು ಡಿಗ್ರಿ ವ್ಯತ್ಯಾಸ ಬಂದರೆ ಜಾಸ್ತಿ. ಆದರೆ ಗಾಳಿ ಬದಲಾದರೆ ಎಲ್ಲವೂ ಬದಲಾಗುತ್ತದೆ. ಅಲೆ ಏಳುತ್ತದೆ, ನೀರು ಕದಡುತ್ತದೆ, ದೋಣಿ ನಿಲ್ಲುತ್ತದೆ. ನೀವು ನೋಡಲು ಹೋಗುವ ಜಾಗಗಳಲ್ಲಿ ಮುಕ್ಕಾಲು ಪಾಲು ದೋಣಿ ಹತ್ತಿಯೇ ತಲುಪಬೇಕಾದವು. ದೋಣಿ ಹೊರಡದಿದ್ದರೆ ಬಿಸಿಲು ಎಷ್ಟು ಚೆನ್ನಾಗಿದ್ದರೂ ರೂಮಿನಲ್ಲೇ ಕೂರಬೇಕು.

ಅಲ್ಲಿ ಗಾಳಿ ವರ್ಷಕ್ಕೆ ಎರಡು ಸಲ ದಿಕ್ಕು ಬದಲಿಸುತ್ತದೆ. ಮೇನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದಿಂದ ಬೀಸುತ್ತದೆ. ಅದೇ ನಮ್ಮ ಮುಂಗಾರು. ನವೆಂಬರ್‌ನಿಂದ ಫೆಬ್ರವರಿಯವರೆಗೆ ಈಶಾನ್ಯದಿಂದ ಬೀಸುತ್ತದೆ. ಇದು ಹಿಂಗಾರಿನ ಗಾಳಿ. ಎರಡರ ನಡುವೆ ಗಾಳಿ ಸುಮ್ಮನಾಗುವ ಸಮಯ ಮಾರ್ಚ್-ಏಪ್ರಿಲ್. ಅಕ್ಟೋಬರ್‌ನಲ್ಲೂ ಇಂಥ ಒಂದು ಬಿಡುವು ಬರುತ್ತದೆ, ಆದರೆ ಅದನ್ನು ನಂಬುವ ಹಾಗಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮಳೆಯ ಲೆಕ್ಕವೂ ಸ್ವಲ್ಪ ತಿಳಿದಿರಲಿ. ಪೋರ್ಟ್ ಬ್ಲೇರ್‌ನಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ. ಮಂಗಳೂರಿಗಿಂತ ಕಡಿಮೆಯೇ. ಆದರೆ ಮಂಗಳೂರಿನ ಮಳೆಯಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಅಂಡಮಾನ್‌ನಲ್ಲಿ ಎರಡೂ ಮಾರುತಗಳ ಮಳೆ ಬೀಳುವುದರಿಂದ ಮೇ ಮಧ್ಯದಿಂದ ಡಿಸೆಂಬರ್ ಶುರುವಿನವರೆಗೂ ಅದು ಎಳೆಯುತ್ತದೆ. ಅಂದರೆ ಒಣ ದಿನಗಳು ಅಂತ ಧೈರ್ಯವಾಗಿ ಹೇಳಬಹುದಾದದ್ದು ಜನವರಿಯಿಂದ ಏಪ್ರಿಲ್‌ವರೆಗೆ ಮಾತ್ರ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಸರಾಸರಿ ಮಳೆ 100 ಮಿಲಿಮೀಟರ್‌ ಮುಟ್ಟುವುದಿಲ್ಲ. ಮೇ ಒಂದೇ ತಿಂಗಳಲ್ಲಿ 300 ದಾಟುತ್ತದೆ. ನೆಟ್‌ನಲ್ಲಿ ನೀವು ಓದಿದ ‘ಅಕ್ಟೋಬರ್‌ನಿಂದ ಮೇ’ ಅನ್ನುವ ಸೀಸನ್ನಿನ ಮೊದಲ ತಿಂಗಳೂ ಮಳೆಯದ್ದು, ಕೊನೆಯ ತಿಂಗಳೂ ಮಳೆಯದ್ದು. ಹೋಟೆಲ್ ರೂಮು ತುಂಬಿಸಬೇಕಾದವರಿಗೆ ಆ ಲೆಕ್ಕ ಸರಿ. ಐದು ಜನರನ್ನು ಕರೆದುಕೊಂಡು, ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಹಾಕಿ ಹೋಗುವ ನಿಮಗೆ ಅದು ಸಾಲದು.

ಈಗ ದಸರಾ ರಜೆ ನೋಡೋಣ. ಅಕ್ಟೋಬರ್-ನವೆಂಬರ್‌ನಲ್ಲಿ ‘ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ’ ಅಂತ ಸುದ್ದಿ ಬರುತ್ತದೆ, ಎರಡು ಮೂರು ದಿನದಲ್ಲಿ ನಿಮ್ಮೂರಲ್ಲಿ ಮೋಡ ಮುಚ್ಚಿ ಜಿಟಿಜಿಟಿ ಮಳೆ ಹಿಡಿಯುತ್ತದೆ, ಒಣಗಲು ಹಾಕಿದ ಮೆಕ್ಕೆಜೋಳ ನೆನೆಯುತ್ತದೆ, ಅಲ್ವಾ? ಆ ಕುಸಿತಗಳಲ್ಲಿ ಬಹಳಷ್ಟು ಹುಟ್ಟುವುದು ಅಂಡಮಾನ್ ಸುತ್ತಮುತ್ತಲಿನ ಸಮುದ್ರದಲ್ಲೇ. ಅಲ್ಲಿ ಹುಟ್ಟಿ, ಪಶ್ಚಿಮಕ್ಕೆ ಬರುತ್ತಾ ಬಲ ಪಡೆದು, ತಮಿಳುನಾಡನ್ನೋ ಆಂಧ್ರವನ್ನೋ ಒಡಿಶಾವನ್ನೋ ಮುಟ್ಟುತ್ತವೆ. ನಮಗೆ ಸಿಗುವುದು ಅದರ ಬಾಲ. ಅಂಡಮಾನ್‌ಗೆ ಅದರ ಹುಟ್ಟಿನ ದಿನಗಳು. ಚಂಡಮಾರುತ ಅಂತ ಹೆಸರಿಡುವ ಮೊದಲೇ ಅಲ್ಲಿ ಎರಡು ಮೂರು ದಿನ ಬಿರುಗಾಳಿ, ಮಳೆ ಇರುತ್ತದೆ, ದೋಣಿಗಳು ನಿಲ್ಲುತ್ತವೆ. ಅಕ್ಟೋಬರ್‌ನಲ್ಲಿ ಹೋಗಿ ಐದೂ ದಿನ ಚಂದದ ಬಿಸಿಲು ಕಂಡು ಬಂದವರು ಬೇಕಾದಷ್ಟು ಜನ ಇದ್ದಾರೆ. ಐದು ದಿನದಲ್ಲಿ ಮೂರು ದಿನ ಕಿಟಕಿಯಿಂದ ಮಳೆ ನೋಡಿದವರೂ ಇದ್ದಾರೆ. ಟಿಕೆಟ್ ಕೈಯಲ್ಲಿ ಹಿಡಿದುಕೊಂಡು ದಿನ ಬದಲಿಸುವ ಅನುಕೂಲ ಇದ್ದವರಿಗೆ ಅಕ್ಟೋಬರ್ ಪರವಾಗಿಲ್ಲ. ಶಾಲೆ ಶುರುವಾಗುವ ದಿನಕ್ಕೆ ಊರಿಗೆ ಮರಳಲೇಬೇಕಾದವರಿಗೆ ಬೇಡ.

ದಸರೆಯಲ್ಲಿ ಇನ್ನೊಂದು ಕೊರತೆ ಇದೆ. ಪೋರ್ಟ್ ಬ್ಲೇರ್ ಹತ್ತಿರದ ವಂಡೂರಿನಿಂದ ಹೊರಟರೆ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ದ್ವೀಪಗಳಿಗೆ ಹೋಗಬಹುದು. ಹವಳಕ್ಕೆ ವಿಶ್ರಾಂತಿ ಸಿಗಲಿ ಅಂತ ಅಲ್ಲಿ ಎರಡು ದ್ವೀಪಗಳನ್ನು ಸರದಿಯಂತೆ ತೆರೆಯುತ್ತಾರೆ. ಜಾಲಿಬಾಯ್ ದ್ವೀಪ ತೆರೆದಿರುವುದು ಸುಮಾರಾಗಿ ನವೆಂಬರ್‌ನಿಂದ ಮೇ ತನಕ. ಉಳಿದ ತಿಂಗಳು ರೆಡ್ ಸ್ಕಿನ್ ದ್ವೀಪ. ಎರಡರಲ್ಲಿ ಹವಳ ಚೆನ್ನಾಗಿ ಕಾಣುವುದು ಜಾಲಿಬಾಯ್‌ನಲ್ಲಿ. ದಸರೆಗೆ ಹೋದರೆ ಅದು ತಪ್ಪಿಹೋಗುತ್ತದೆ. ಏಪ್ರಿಲ್‌ನಲ್ಲಿ ಸಿಗುತ್ತದೆ. ಅಲ್ಲಿ ತಳಕ್ಕೆ ಗಾಜು ಹಾಕಿದ ದೋಣಿಗಳಿವೆ. ನಿಮ್ಮ ಅತ್ತೆ ಸೀರೆ ಒದ್ದೆ ಮಾಡಿಕೊಳ್ಳದೆ, ಮಗನ ಪಕ್ಕದಲ್ಲಿ ಕೂತು ಹವಳ ನೋಡಬಹುದು. ಒಂದು ಮಾತು ನೆನಪಿರಲಿ: ಅಲ್ಲಿಗೆ ಪ್ಲಾಸ್ಟಿಕ್ ಒಯ್ಯುವ ಹಾಗಿಲ್ಲ. ಬಿಸ್ಕತ್ ಪೊಟ್ಟಣ ಕೂಡ ಬೇಡ. ಸ್ಟೀಲ್ ಡಬ್ಬಿ, ಸ್ಟೀಲ್ ಬಾಟಲಿ ಇರಲಿ.

ಕ್ರಿಸ್‌ಮಸ್ ವಾರದ ವಿಷಯ. ಡಿಸೆಂಬರ್ ಅಂದರೆ ಹಾಯಾದ ತಿಂಗಳು ಅಂತ ನಂಬಿ ಹೋಗುವವರೇ ಹೆಚ್ಚು. ಡಿಸೆಂಬರ್‌ನ ಮೊದಲ ಅರ್ಧ ಇನ್ನೂ ಹಿಂಗಾರಿನ ಪಾಲು. 2016ರ ಡಿಸೆಂಬರ್ ಮೊದಲ ವಾರದಲ್ಲಿ ಹ್ಯಾವ್‌ಲಾಕ್ ದ್ವೀಪದಲ್ಲಿ ಸುಮಾರು 1,400 ಪ್ರವಾಸಿಗರು ಸಿಕ್ಕಿಹಾಕಿಕೊಂಡಿದ್ದು ನಿಮಗೆ ನೆನಪಿರಬಹುದು. ವಾಯುಭಾರ ಕುಸಿತದಿಂದ ಸಮುದ್ರ ಅಷ್ಟು ಕೆರಳಿತ್ತು. ಕಡೆಗೆ ನೌಕಾಪಡೆಯ ಹಡಗುಗಳು ಹೋಗಿ ಜನರನ್ನು ಕರೆತಂದವು. ಅದೇ ಕುಸಿತ ಮುಂದೆ ‘ವಾರ್ದಾ’ ಚಂಡಮಾರುತವಾಗಿ ಡಿಸೆಂಬರ್ 12ರಂದು ಚೆನ್ನೈಗೆ ಅಪ್ಪಳಿಸಿತು. ಕ್ರಿಸ್‌ಮಸ್ ಹೊತ್ತಿಗೆ ಮಳೆ ಸಾಮಾನ್ಯವಾಗಿ ಇಳಿದಿರುತ್ತದೆ, ಆ ಮಾತು ನಿಜ. ಆದರೆ ಈಶಾನ್ಯ ಗಾಳಿ ಜೋರಾಗಿರುತ್ತದೆ. ಹ್ಯಾವ್‌ಲಾಕ್ ಇರುವುದು ಪೋರ್ಟ್ ಬ್ಲೇರ್‌ನ ಈಶಾನ್ಯಕ್ಕೆ. ಅಂದರೆ ಹೋಗುವಾಗ ಹಡಗು ಅಲೆಗಳಿಗೆ ಎದುರಾಗಿಯೇ ಸಾಗಬೇಕು. ಮೂತಿ ಎತ್ತಿ ಎತ್ತಿ ಹಾಕುತ್ತದೆ. ಬಸ್ಸಿನಲ್ಲೇ ವಾಂತಿಯಾಗುವ ಹಿರಿಯರಿಗೆ ಆ ಎರಡು ಗಂಟೆ ಬಹಳ ಕಷ್ಟ. ಅದರ ಮೇಲೆ ವಿಮಾನ, ಹೋಟೆಲ್ ಎಲ್ಲದರ ದರ ವರ್ಷದಲ್ಲೇ ಜಾಸ್ತಿ ಇರುವ ವಾರ ಅದು. ಎಲ್ಲಿ ನೋಡಿದರೂ ಜನ. ಹೊತ್ತೂ ಬೇಗ ಮುಳುಗುತ್ತದೆ. ಅಂಡಮಾನ್ ನಮಗಿಂತ ಬಹಳ ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ ಆದ್ದರಿಂದ ನವೆಂಬರ್-ಡಿಸೆಂಬರ್‌ನಲ್ಲಿ ಸಂಜೆ ಐದರ ಆಸುಪಾಸಿಗೇ ಸೂರ್ಯ ಮುಳುಗಿರುತ್ತಾನೆ. ಊಟ ಮುಗಿಸಿ ಸ್ವಲ್ಪ ಮಲಗಿ ಎದ್ದು ಬೀಚಿಗೆ ಹೋಗೋಣ ಅಂದುಕೊಂಡರೆ ಕತ್ತಲೆ.

ಶಾಲೆಯ ಮಕ್ಕಳಿಲ್ಲದವರು ಕೇಳಿದ್ದರೆ ಫೆಬ್ರವರಿ-ಮಾರ್ಚ್ ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಆಗ ಉತ್ತರ ಅಂಡಮಾನ್‌ನ ಡಿಗ್ಲಿಪುರದ ಹತ್ತಿರ, ಕಾಲಿಪುರ ಬೀಚಿನಲ್ಲಿ ಕಡಲಾಮೆಗಳು ರಾತ್ರಿ ದಡಕ್ಕೆ ಬಂದು ಮೊಟ್ಟೆ ಇಡುವುದನ್ನೂ ನೋಡಬಹುದು. ಮಕ್ಕಳು ಕಾಲೇಜು ಸೇರಿದ ಮೇಲೆ ನೀವಿಬ್ಬರೂ ಒಮ್ಮೆ ಹಾಗೆ ಹೋಗಿ.

ಏಪ್ರಿಲ್‌ಗೆ ಬರೋಣ. ನೆಂಟರು ಹೆದರಿಸಿದ ಬಿಸಿಲಿನ ಬಗ್ಗೆ ಮೊದಲು. ಏಪ್ರಿಲ್‌ನಲ್ಲಿ ದಾವಣಗೆರೆಯಲ್ಲಿ 37-38 ಡಿಗ್ರಿ ಮುಟ್ಟುತ್ತದೆ. ಅಂಡಮಾನ್‌ನಲ್ಲಿ 32ರ ಸುತ್ತ. ನಿಮ್ಮ ಮನೆಗಿಂತ ಅಲ್ಲಿಯೇ ಕಡಿಮೆ! ಆದರೆ ಅಲ್ಲಿನದು ಬೆವರಿನ ಸೆಕೆ. ಮೈ ಅಂಟಂಟು. ಕರಾವಳಿಯ ನೆಂಟರ ಮನೆಗೆ ಬೇಸಿಗೆಯಲ್ಲಿ ಹೋಗಿ ಬಂದವರಿಗೆ ಇದು ಹೊಸದಲ್ಲ. ನಿಜವಾಗಿ ಎಚ್ಚರ ಬೇಕಾದದ್ದು ಸೂರ್ಯನ ನೆತ್ತಿಯ ಬಿಸಿಲಿಗೆ. ಏಪ್ರಿಲ್ 20ರ ಆಸುಪಾಸು ಪೋರ್ಟ್ ಬ್ಲೇರ್‌ನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಬೀಳುವುದಿಲ್ಲ. ಅದೂ ಹನ್ನೆರಡಕ್ಕಲ್ಲ, ಹನ್ನೊಂದೂಕಾಲರ ಹೊತ್ತಿಗೆ. ಮಕ್ಕಳಿಗೆ ತೋರಿಸಿ, ಖುಷಿಪಡುತ್ತಾರೆ. ಕಡ್ಡಿಯೊಂದನ್ನು ಮರಳಲ್ಲಿ ನೆಟ್ಟರೆ ಸಾಕು. ನೆರಳಿಲ್ಲದ್ದನ್ನು ನೋಡಿದ ಕೂಡಲೇ ಮರದ ಕೆಳಗೆ ಕರೆದುಕೊಂಡು ಬನ್ನಿ, ಅಷ್ಟೇ.

ಹಾಗಾಗಿ ದಿನದ ಕ್ರಮ ಬದಲಿಸಿಕೊಳ್ಳಿ. ಏಪ್ರಿಲ್‌ನಲ್ಲಿ ಅಲ್ಲಿ ಬೆಳಿಗ್ಗೆ ಐದಕ್ಕೆಲ್ಲ ಸೂರ್ಯ ಹುಟ್ಟುತ್ತಾನೆ. ಐದೂವರೆಗೆ ನೀರಿಗಿಳಿದರೆ ಒಂಬತ್ತರವರೆಗೆ ಆರಾಮಾಗಿ ಆಡಬಹುದು. ಹತ್ತರಿಂದ ಮೂರರವರೆಗೆ ಒಳಗಿರಿ, ಊಟ ಮಾಡಿ, ಮಲಗಿ. ಮೂರೂವರೆಗೆ ಮತ್ತೆ ಹೊರಡಿ. ಐದೂವರೆಗೆ ಸೂರ್ಯ ಮುಳುಗುತ್ತಾನೆ. ಹ್ಯಾವ್‌ಲಾಕ್‌ನ ರಾಧಾನಗರ ಬೀಚು ಪಶ್ಚಿಮಕ್ಕೆ ಮುಖ ಮಾಡಿದೆ, ಸೂರ್ಯಾಸ್ತಕ್ಕೆ ಅದೇ ಜಾಗ. ನಮ್ಮ ಪಡುಬಿದ್ರಿ, ಕಾಸರಕೋಡಿನ ಜೊತೆಗೇ 2020ರಲ್ಲಿ, ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ‘ಬ್ಲೂ ಫ್ಲ್ಯಾಗ್’ ಮನ್ನಣೆ ಪಡೆದ ಕಡಲತೀರ ಅದು. ಮುಂಗಾರಿನಲ್ಲಿ ಇಲ್ಲಿ ಅಲೆಗಳು ನೇರವಾಗಿ ಬಂದು ಬಡಿಯುತ್ತವೆ, ನೀರಿಗೆ ಇಳಿಯುವುದು ಅಪಾಯ. ಏಪ್ರಿಲ್‌ನಲ್ಲಿ ಎಂಟು ವರ್ಷದ ಹುಡುಗ ಕೂಡ ದಡದಲ್ಲಿ ಆಡಬಹುದಾದಷ್ಟು ಶಾಂತ. ಹಾಗಂತ ಒಬ್ಬನನ್ನೇ ಬಿಡಬೇಡಿ. ಅಂಡಮಾನ್‌ನ ಕಡಲಂಚಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಕಾಡಿನ ತೊರೆ ಸಮುದ್ರ ಸೇರುವ ಜಾಗಗಳಿಂದ ದೂರ ಇರಿ. ಎಚ್ಚರಿಕೆ ಫಲಕ ಇದ್ದ ಕಡೆ ಕಾಲೂ ತೊಳೆಯಬೇಡಿ.

ಮಗಳ ಹವಳಕ್ಕೆ ಏಪ್ರಿಲ್ ಯಾಕೆ ಒಳ್ಳೆಯದು? ಮಳೆ ನಿಂತು ನಾಲ್ಕು ತಿಂಗಳಾಗಿರುತ್ತದೆ, ಕಾಡಿನ ಮಣ್ಣು ತೊಳೆದು ಸಮುದ್ರಕ್ಕೆ ಬರುತ್ತಿರುವುದಿಲ್ಲ. ಗಾಳಿಯಿಲ್ಲ, ಅಲೆ ತಳದ ಮರಳನ್ನು ಕದಡುವುದಿಲ್ಲ. ನೀರು ತಿಳಿಯಾಗಿರುತ್ತದೆ. ಹದಿಮೂರರ ಮಗಳು ತರಬೇತುದಾರರ ಜೊತೆ ಸ್ಕೂಬಾ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವುದು) ಮಾಡಬಹುದು, ಈಜು ಬರಲೇಬೇಕೆಂದಿಲ್ಲ. ಎಂಟರ ಮಗನಿಗೆ ಸಮುದ್ರದಲ್ಲಿ ಸ್ಕೂಬಾ ಬೇಡ. ಲೈಫ್ ಜಾಕೆಟ್ ಹಾಕಿಸಿ ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚಿನಲ್ಲಿ ಸ್ನಾರ್ಕೆಲಿಂಗ್ (ಬಾಯಲ್ಲಿ ಕೊಳವೆ ಇಟ್ಟು ಉಸಿರಾಡುತ್ತಾ, ನೀರಿನ ಮೇಲೆ ತೇಲಿಕೊಂಡೇ ಕೆಳಗೆ ನೋಡುವುದು) ಮಾಡಿಸಿ. ಸ್ಕೂಬಾ ಆದ ಮೇಲೆ 18 ಗಂಟೆಯಾದರೂ ವಿಮಾನ ಹತ್ತಬಾರದು. ಆದ್ದರಿಂದ ಅದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ಮಗಳಿಗೆ ಒಂದು ವಿಷಯ ಮೊದಲೇ ತಿಳಿಸಿ. ಏಪ್ರಿಲ್-ಮೇನಲ್ಲಿ ಸಮುದ್ರದ ನೀರು ವರ್ಷದಲ್ಲೇ ಬೆಚ್ಚಗಿರುತ್ತದೆ. ಅದು ಮಿತಿಮೀರಿದರೆ ಹವಳ ತನ್ನೊಳಗಿನ ಪಾಚಿಯನ್ನು ಕಳೆದುಕೊಂಡು ಬೆಳ್ಳಗಾಗುತ್ತದೆ. 2010ರಲ್ಲಿ, ಮತ್ತೆ 2016ರಲ್ಲಿ ಅಂಡಮಾನ್‌ನ ಹವಳ ಹೀಗೆ ಬಹಳ ಪೆಟ್ಟು ತಿಂದಿತು. ಫೋಟೋಗಳಲ್ಲಿ ಕಾಣುವಷ್ಟು ಬಣ್ಣ ಎಲ್ಲ ಕಡೆ ಇರುವುದಿಲ್ಲ. ಕೆಲವು ಕಡೆ ಸತ್ತ ಹವಳದ ರಾಶಿಯೇ ಇದೆ. ಹದಿಮೂರರ ಹುಡುಗಿಗೆ ಇದು ಅರ್ಥವಾಗುತ್ತದೆ. ಉಳಿದಿರುವುದನ್ನು ಮುಟ್ಟದೆ, ತುಳಿಯದೆ ನೋಡಲು ಕಲಿಸಿ.

ಏಪ್ರಿಲ್‌ನಲ್ಲೂ ದಿನ ಆರಿಸುವಾಗ ಗೋಡೆಯ ಕ್ಯಾಲೆಂಡರ್ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಉಬ್ಬರ-ಇಳಿತ ದೊಡ್ಡದು. ಅಷ್ಟಮಿಯ ಸುತ್ತ ಚಿಕ್ಕದು. ಇಳಿತ ದೊಡ್ಡದಾದಾಗ ಹವಳದ ಬಂಡೆಗಳ ಮೇಲೆ ನೀರು ಮೊಣಕಾಲಿಗೂ ಬರುವುದಿಲ್ಲ, ಈಜಲು ಆಗುವುದಿಲ್ಲ. ಕಾಲಿಗೆ ಗಾಯ ಬೇರೆ. ಆದರೆ ನೀಲ್ ದ್ವೀಪದ ಕಲ್ಲಿನ ಸಹಜ ಸೇತುವೆ ನೋಡಬೇಕಾದರೆ ಇಳಿತವೇ ಬೇಕು. ಆಗ ಕಲ್ಲಿನ ಗುಂಡಿಗಳಲ್ಲಿ ಉಳಿದ ನೀರಿನಲ್ಲಿ ಪುಟ್ಟ ಮೀನು, ಏಡಿ, ಕಡಲ ಸೌತೆ ಅನ್ನುವ ಮೆತ್ತನೆಯ ಜೀವಿ ಎಲ್ಲ ಕಾಣುತ್ತವೆ. ಅಮಾವಾಸ್ಯೆ ಹತ್ತಿರದ ಕತ್ತಲ ರಾತ್ರಿಗಳಲ್ಲಿ ಹ್ಯಾವ್‌ಲಾಕ್‌ನ ದಡದಲ್ಲಿ ನೀರು ಅಲುಗಿಸಿದರೆ ನೀಲಿ ಬೆಳಕು ಮಿನುಗುತ್ತದೆ. ಸೂಕ್ಷ್ಮ ಜೀವಿಗಳ ಬೆಳಕು ಅದು. ಹುಣ್ಣಿಮೆಗೆ ಹೋದರೆ ಕಾಣುವುದಿಲ್ಲ. ನನ್ನನ್ನು ಕೇಳಿದರೆ ಅಷ್ಟಮಿಗೆ ಹೊರಟು ಅಮಾವಾಸ್ಯೆ ಸಮೀಪಿಸುವಾಗ ಮರಳುವ ಹಾಗೆ ಬಹುಳದ ಒಂದು ವಾರ ಆರಿಸಿ. ಮೊದಲ ದಿನಗಳಲ್ಲಿ ಹವಳ, ಕೊನೆಯ ದಿನಗಳಲ್ಲಿ ಸೇತುವೆ ಮತ್ತು ಕತ್ತಲ ರಾತ್ರಿ.

ಅತ್ತೆಯವರಿಗಾಗಿ: ಬೆಳಗಿನ ಮೊದಲ ಹಡಗಿಗೇ ಟಿಕೆಟ್ ಮಾಡಿಸಿ, ಆಗ ಸಮುದ್ರ ಹೆಚ್ಚು ಸಮಾಧಾನವಾಗಿರುತ್ತದೆ. ಕೆಳ ಅಂತಸ್ತಿನಲ್ಲಿ, ನಡು ಭಾಗದ ಸೀಟು ಕೇಳಿ. ಮುಂದಿನ ಸೀಟು ಬೇಡವೇ ಬೇಡ. ವಾಂತಿಯ ಮಾತ್ರೆಯನ್ನು ಡಾಕ್ಟರನ್ನು ಕೇಳಿ, ಹೊರಡುವ ಮೊದಲೇ ಕೊಡಿ. ಹಡಗು ಅಲುಗಿದ ಮೇಲೆ ಕೊಟ್ಟರೆ ಕೆಲಸಕ್ಕೆ ಬರುವುದಿಲ್ಲ. ಬರಾಟಾಂಗ್‌ನ ಸುಣ್ಣದ ಗುಹೆಗಳ ಪ್ರವಾಸವನ್ನು ಪ್ಯಾಕೇಜಿನಲ್ಲಿ ಸೇರಿಸಿದ್ದರೆ ತೆಗೆಸಿ. ನಸುಕಿನಲ್ಲೇ ಎದ್ದು ತಿರುವಿನ ದಾರಿಯಲ್ಲಿ ಗಂಟೆಗಟ್ಟಲೆ ಕೂರಬೇಕು. ಆ ರಸ್ತೆ ಜಾರವಾ ಬುಡಕಟ್ಟು ಜನರ ಮೀಸಲು ಕಾಡಿನ ನಡುವೆ ಹಾದುಹೋಗುತ್ತದೆ. ಅವರ ಪಾಡಿಗೆ ಅವರನ್ನು ಬಿಡುವುದು ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಏಪ್ರಿಲ್‌ನ ನಿಜವಾದ ತೊಂದರೆ ಒಂದಿದೆ, ಅದನ್ನು ಯಾರೂ ಹೇಳುವುದಿಲ್ಲ. ಆಗ ದ್ವೀಪದಲ್ಲಿ ಕುಡಿಯುವ ನೀರಿಗೆ ಕಷ್ಟ. ಪೋರ್ಟ್ ಬ್ಲೇರ್ ನಂಬಿರುವುದು ಧಾನಿಖಾರಿ ಅಣೆಕಟ್ಟನ್ನು. ಮಳೆ ನಿಂತು ತಿಂಗಳುಗಳಾದ ಮೇಲೆ ಅದು ಇಳಿಯುತ್ತದೆ, ಊರಿನ ಮನೆಗಳಿಗೆ ದಿನ ಬಿಟ್ಟು ದಿನ ನೀರು ಬಿಡುವುದೂ ಉಂಟು. ಸಮುದ್ರದಿಂದ ಬಂದು ಮೈ ತೊಳೆಯಲು ಒಂದು ಬಕೆಟ್ ಸಾಕು. ಶವರ್ ಬಿಟ್ಟುಕೊಂಡು ನಿಲ್ಲಬೇಡಿ. ನೀರಿನ ಬೆಲೆ ದಾವಣಗೆರೆಯವರಿಗೆ ನಾನು ಹೇಳಿಕೊಡಬೇಕಿಲ್ಲ.

ಮದುವೆ, ಜಾತ್ರೆ ಅಂತ ಪ್ರವಾಸ ಮೇಗೆ ಹೋದರೆ 10ನೇ ತಾರೀಕಿನೊಳಗೆ ಮುಗಿಸಿ. ಮುಂಗಾರು ಕೇರಳಕ್ಕೆ ಜೂನ್ 1ಕ್ಕೆ ಬರುವುದು ವಾಡಿಕೆ. ಅಂಡಮಾನ್‌ಗೆ ಅದಕ್ಕಿಂತ ಹತ್ತು ದಿನ ಮೊದಲೇ ಬರುತ್ತದೆ. ಮೇನಲ್ಲಿ ಚಂಡಮಾರುತದ ಭಯವೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೂಮು ಅಗ್ಗ, ಕಾಡು ಹಸಿರು, ಜನ ಕಡಿಮೆ. ಮಳೆಯನ್ನೇ ನೋಡಲು ಹೋಗುವವರಿಗೆ ಆ ಕಾಲ ಚಂದ. ನಿಮಗಲ್ಲ.

ದಸರೆ ಬಿಟ್ಟರೆ ಬೇರೆ ರಜೆಯೇ ಇಲ್ಲ ಅನ್ನುವವರು ಅಂಡಮಾನ್ ಬಿಟ್ಟು ಭೂಮಧ್ಯರೇಖೆಯ ಆಚೆಗೆ ನೋಡಬೇಕು. ಅಲ್ಲಿ ಋತುಗಳು ತಿರುಗುಮುರುಗು. ಮಾರಿಷಸ್‌ನಲ್ಲಿ ಅಕ್ಟೋಬರ್ ಒಣ ತಿಂಗಳು, ಹವೆ ಹಿತವಾಗಿರುತ್ತದೆ. ಬಾಲಿಯಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣ ಕಾಲ. ಗಲ್ಫ್‌ನಲ್ಲಿರುವ ನಮ್ಮವರ ಮಕ್ಕಳಿಗೆ ರಜೆ ಸಿಗುವುದು ಜುಲೈ-ಆಗಸ್ಟ್‌ನಲ್ಲಿ, ಅವರಿಗೂ ಬಾಲಿಯೇ ಸರಿ. ಇಲ್ಲದಿದ್ದರೆ ಶ್ರೀಲಂಕಾದ ಪೂರ್ವ ಕರಾವಳಿಯ ಟ್ರಿಂಕೋಮಲಿ. ಮುಂಗಾರು ಲಂಕೆಯ ಪಶ್ಚಿಮವನ್ನು ತೋಯಿಸುವಾಗ ಪೂರ್ವ ಒಣಗಿರುತ್ತದೆ.

ನೀವು ಏಪ್ರಿಲ್ ಅಂತ ನಿಶ್ಚಯಿಸಿದರೆ ವಿಮಾನದ ಟಿಕೆಟ್ ಜನವರಿಯಲ್ಲೇ ತೆಗೆಯಿರಿ. ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಅಂತ ಹೆಸರಾಗಿದೆ, ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. ಟಿಕೆಟ್ಟಿನಲ್ಲಿ ಹಳೆಯ ಹೆಸರು ಇದ್ದರೂ ಹೊಸ ಹೆಸರು ಇದ್ದರೂ ಗಾಬರಿಯಾಗಬೇಡಿ. ವಿಮಾನದ ನಂತರ ಹಡಗಿನ ಟಿಕೆಟ್, ಕೊನೆಗೆ ಹೋಟೆಲ್. ಯಾವ ಏಜೆಂಟ್ ಏನೇ ಹೇಳಲಿ, ಊರಿಗೆ ಮರಳುವ ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಉಳಿಯಿರಿ. ಹ್ಯಾವ್‌ಲಾಕ್‌ನಿಂದ ಬೆಳಿಗ್ಗೆ ಹಡಗು ಹತ್ತಿ ಅದೇ ದಿನ ವಿಮಾನ ಹಿಡಿಯುವ ಯೋಜನೆಗೆ ಒಪ್ಪಬೇಡಿ. ಹೊರಡುವ ವಾರ ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ‘ಅಂಡಮಾನ್ ಸಮುದ್ರ’ ಅನ್ನುವ ಮಾತು ಎಲ್ಲಾದರೂ ಇದೆಯೇ ಅಂತ ದಿನಕ್ಕೊಮ್ಮೆ ನೋಡುತ್ತಿರಿ.